ಮಕ್ಕಳಿಗೆ ಗ್ರೀಕ್–ಪರ್ಷಿಯನ್ ಯುದ್ಧಗಳನ್ನು ಕಲಿಸುವುದು ಹೇಗೆ: ಹಗ್ಗ, ಅಕ್ಕಿ, ರಟ್ಟು, ಮೂರು ಬಣ್ಣದ ಚೀಟಿ ಸಾಕು

ಗ್ರೀಕರು, ಪರ್ಷಿಯನ್ನರು ಎಂದ ಕೂಡಲೇ ಮಕ್ಕಳ ಬಾಯಲ್ಲಿ ಬರುವುದು ‘ಮುನ್ನೂರು ಜನ’. ಹಾಲಿವುಡ್ ಸಿನಿಮಾದ ತುಣುಕುಗಳು ಮತ್ತು ಮೊಬೈಲ್ ಗೇಮ್‌ಗಳು ನಮಗಿಂತ ಮೊದಲೇ ಪಾಠ ಮುಗಿಸಿಬಿಟ್ಟಿವೆ. ಒಂದು ಕಡೆ ಕೆಂಪು ಹೊದಿಕೆಯ ವೀರರು, ಇನ್ನೊಂದು ಕಡೆ ರಾಕ್ಷಸರಂತೆ ಕಾಣುವ ಪರ್ಷಿಯನ್ನರು. ನೀವೂ ಅಲ್ಲಿಂದಲೇ ಹಿಡಿದರೆ ಮಕ್ಕಳು ಮೊದಲ ದಿನ ಕಣ್ಣರಳಿಸಿ ಕೂರುತ್ತಾರೆ, ಆಮೇಲೆ ಏನು ಹೇಳಿದರೂ ಆ ಚಿತ್ರ ಅಳಿಸುವುದಿಲ್ಲ. ಆದ್ದರಿಂದ ಗ್ರೀಸಿನ ಸ್ಪಾರ್ಟಾ ಎಂಬ ಊರಿನ ಆ ಮುನ್ನೂರು ಯೋಧರು ಪರ್ಷಿಯನ್ ಸೇನೆಯನ್ನು ತಡೆದು ನಿಂತ ಥರ್ಮೋಪಿಲೆ ಕದನ ಇಲ್ಲಿ ಬರುವುದು ಎಂಟನೇ ಹಂತದಲ್ಲಿ. ಅಷ್ಟರಲ್ಲಿ ಮಕ್ಕಳಿಗೆ ಪರ್ಷಿಯಾ ಯಾವುದು, ಈ ಕಥೆಯನ್ನು ನಮಗೆ ಹೇಳಿದವನು ಯಾರು ಎಂಬುದು ಗೊತ್ತಿರುತ್ತದೆ.

9ರಿಂದ 14 ವರ್ಷದವರಿಗೆ ಇದು ಹೊಂದುತ್ತದೆ. ಮನೆಯಲ್ಲಿ ಇಬ್ಬರು ಮಕ್ಕಳಿದ್ದರೂ ನಡೆಯುತ್ತದೆ, ತರಗತಿಯಲ್ಲಿ ಮೂವತ್ತು ಮಂದಿ ಇದ್ದರೂ ನಡೆಯುತ್ತದೆ. ಒಂದು ಹಂತಕ್ಕೆ ಒಂದು ಪೀರಿಯಡ್ ಎಂದುಕೊಳ್ಳಿ. ಏಳನೆಯದಕ್ಕೂ ಒಂಬತ್ತನೆಯದಕ್ಕೂ ಎರಡೆರಡು ಬೇಕಾಗಬಹುದು. ಗೋಡೆಗೆ ಹಾಕುವ ಒಂದು ನಕ್ಷೆ, ಹಗ್ಗ, ಬಟ್ಟೆ ಕ್ಲಿಪ್ಪು, ಹಳೆಯ ರಟ್ಟಿನ ಪೆಟ್ಟಿಗೆ, ಜೇಡಿಮಣ್ಣು, ಹುಣಸೆ ಬೀಜ, ಒಂದಿಷ್ಟು ಅಕ್ಕಿ, ಹಸಿರು, ಹಳದಿ, ಗುಲಾಬಿ ಬಣ್ಣದ ಚೀಟಿಗಳು ಸಾಕು.

ಹಂತ 1: ಕಾಲದ ಹಗ್ಗ

ಕ್ರಿಸ್ತಪೂರ್ವ ಇಸವಿಗಳು ಮಕ್ಕಳಿಗೆ ತಲೆನೋವು. 490 ಮೊದಲು, 480 ಆಮೇಲೆ ಎಂದರೆ ನಂಬುವುದಿಲ್ಲ. ಬಾಯಲ್ಲಿ ವಿವರಿಸುವ ಬದಲು ಹಗ್ಗ ಕಟ್ಟಿ. ಒಂದು ಮೀಟರಿಗೆ 500 ವರ್ಷ ಎಂದು ಇಟ್ಟುಕೊಂಡರೆ ಐದೂಕಾಲು ಮೀಟರಿನಲ್ಲಿ ಕ್ರಿ.ಪೂ. 550ರಿಂದ ಇವತ್ತಿನವರೆಗೆ ಬರುತ್ತದೆ. ಮ್ಯಾರಥಾನ್ ಕದನ (490) ಮತ್ತು ಸಲಾಮಿಸ್ ಕದನ (480) ಇವೆರಡರ ಕ್ಲಿಪ್ಪುಗಳ ನಡುವೆ ಉಳಿಯುವುದು ಬರೀ ಎರಡು ಸೆಂಟಿಮೀಟರ್.

ಇದೇ ಹಗ್ಗದ ಮೇಲೆ ನಮ್ಮ ಕಡೆಯ ಒಂದೆರಡು ಕ್ಲಿಪ್ಪುಗಳನ್ನೂ ಹಾಕಿಸಿ. ಬುದ್ಧನ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲದಿದ್ದರೂ ಹೆಚ್ಚುಕಡಿಮೆ ಇದೇ ಆಸುಪಾಸು. ಗಂಗಾವತಿ ಬಳಿಯ ಹಿರೇಬೆಣಕಲ್ಲಿನ ಗುಡ್ಡದಲ್ಲಿ ಶಿಲಾಸಮಾಧಿಗಳನ್ನು ಕಟ್ಟುತ್ತಿದ್ದದ್ದೂ ಈ ಕಾಲಘಟ್ಟದಲ್ಲೇ. ಅವರು ಕಲ್ಲು ಬಿಟ್ಟುಹೋದರು, ಅಕ್ಷರ ಬಿಡಲಿಲ್ಲ. ಮೂರನೇ ಹಂತದಲ್ಲಿ ಈ ಮಾತು ಕೆಲಸಕ್ಕೆ ಬರುತ್ತದೆ, ಈಗಲೇ ಕಿವಿಗೆ ಹಾಕಿರಿ.

ಲೆಕ್ಕ ಇಷ್ಟಪಡುವವರಿಗೆ ಒಂದು ಸಮಸ್ಯೆ ಕೊಡಿ. ಥರ್ಮೋಪಿಲೆ ಮತ್ತು ಸಲಾಮಿಸ್ ನಡೆದು 2500 ವರ್ಷವಾಯಿತೆಂದು ಗ್ರೀಸ್ ದೇಶ 2020ರಲ್ಲಿ ಆಚರಿಸಿತು. 480ಕ್ಕೆ 2020 ಕೂಡಿಸಿದರೆ 2500. ಆದರೆ ಸೊನ್ನೆ ಎಂಬ ಇಸವಿಯೇ ಇಲ್ಲ, ಕ್ರಿ.ಪೂ. 1 ಆದ ಮೇಲೆ ನೇರವಾಗಿ ಕ್ರಿ.ಶ. 1. ಹಾಗಾದರೆ 2020ಕ್ಕೆ ಎಷ್ಟು ವರ್ಷವಾಗಿತ್ತು? ಇಡೀ ದೇಶದ ಲೆಕ್ಕ ಒಂದು ವರ್ಷ ಮುಂದಿತ್ತು ಎಂದು ಕಂಡುಹಿಡಿದ ಹುಡುಗನೋ ಹುಡುಗಿಯೋ ಆ ದಿನ ಮನೆಗೆ ಹೋಗಿ ಎಲ್ಲರಿಗೂ ಹೇಳದೆ ಬಿಡುವುದಿಲ್ಲ.

ಹಂತ 2: ಮೊದಲು ಪರ್ಷಿಯಾ

ನಕ್ಷೆಯಲ್ಲಿ ಮಕ್ಕಳ ಬೆರಳಿನಿಂದಲೇ ಗಡಿ ಎಳೆಸಿ. ಸುಮಾರು ಕ್ರಿ.ಪೂ. 550ರಲ್ಲಿ ಸೈರಸ್ ಈಗಿನ ಇರಾನಿನಿಂದ ಕಟ್ಟಲು ಶುರು ಮಾಡಿದ ಪರ್ಷಿಯನ್ ಸಾಮ್ರಾಜ್ಯ ರಾಜ ಡೇರಿಯಸ್‌ನ ಕಾಲಕ್ಕೆ (522–486) ಸಿಂಧೂ ನದಿಯಿಂದ ಈಗಿನ ಟರ್ಕಿಯ ಪಶ್ಚಿಮ ಕರಾವಳಿಯವರೆಗೆ, ದಕ್ಷಿಣಕ್ಕೆ ಈಜಿಪ್ಟಿನವರೆಗೆ ಹರಡಿತ್ತು. ಡೇರಿಯಸ್ ಕೆತ್ತಿಸಿದ ಶಾಸನಗಳಲ್ಲಿ ಅವನಿಗೆ ಕಪ್ಪ ಕೊಡುವ ನಾಡುಗಳ ಪಟ್ಟಿ ಇದೆ. ಅದರಲ್ಲಿ ಗಂಧಾರವೂ ಸಿಂಧೂ ನದಿಯ ಸೀಮೆಯೂ ಸೇರಿವೆ. ಈಗ ಅದೇ ನಕ್ಷೆಯಲ್ಲಿ ಅಥೆನ್ಸ್ ಹುಡುಕಿಸಿ. ಎಷ್ಟು ಚಿಕ್ಕದು ಎಂದು ಮಕ್ಕಳೇ ಹೇಳುತ್ತಾರೆ.

ಈಗಿನ ಟರ್ಕಿಯಲ್ಲಿ ಪರ್ಷಿಯನ್ನರ ಕೈಯಲ್ಲಿದ್ದ ಸಾರ್ಡಿಸ್ ಪಟ್ಟಣದಿಂದ ಇರಾನಿನ ಸೂಸಾ ಅರಮನೆಯವರೆಗೆ ಒಂದು ರಾಜಮಾರ್ಗವಿತ್ತು, ಸುಮಾರು 2500 ಕಿ.ಮೀ. ಬೆಂಗಳೂರಿನಿಂದ ದೆಹಲಿಗೆ ಹೋಗುವುದಕ್ಕಿಂತ ದೂರ. ದಾರಿಯಲ್ಲಿ 111 ತಂಗುದಾಣ, ನಡೆದರೆ 90 ದಿನ ಎಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಲೆಕ್ಕ ಕೊಡುತ್ತಾನೆ. ಕುದುರೆ ಬದಲಿಸುತ್ತಾ ಓಡುವ ಅಂಚೆಯವರನ್ನು ಹಿಮ, ಮಳೆ, ಬಿಸಿಲು, ರಾತ್ರಿ ಯಾವುದೂ ತಡೆಯುತ್ತಿರಲಿಲ್ಲವಂತೆ. ಅಂಗಳದಲ್ಲಿ ನಾಲ್ಕು ತಂಗುದಾಣ ಮಾಡಿ ರಿಲೇ ಓಟ ಇಟ್ಟು ನೋಡಿ. ಒಬ್ಬನೇ ಓಡಿದಾಗ ಎಷ್ಟು ಹೊತ್ತು, ಬದಲಿಸಿ ಓಡಿದಾಗ ಎಷ್ಟು ಹೊತ್ತು ಎಂದು ಹೋಲಿಸಲಿ. ಇಷ್ಟು ದೊಡ್ಡ ರಾಜ್ಯವನ್ನು ಹಿಡಿದಿಟ್ಟದ್ದು ಹೇಗೆ ಎಂಬುದಕ್ಕೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಉಳಿದರ್ಧ ಲೆಕ್ಕಪತ್ರದಲ್ಲಿದೆ. 1933ರಲ್ಲಿ ಪರ್ಷಿಯದ ರಾಜಧಾನಿಗಳಲ್ಲೊಂದಾಗಿದ್ದ ಪರ್ಸೆಪೊಲಿಸ್‌ನ ಕೋಟೆಗೋಡೆಯೊಳಗೆ ಸಾವಿರಾರು ಮಣ್ಣಿನ ಫಲಕಗಳು ಸಿಕ್ಕವು. ಅವುಗಳಲ್ಲಿ ಯುದ್ಧದ ಕಥೆಯಿಲ್ಲ. ಯಾರಿಗೆ ಎಷ್ಟು ಬಾರ್ಲಿ, ಎಷ್ಟು ದ್ರಾಕ್ಷಾರಸ ಕೊಟ್ಟೆವು ಎಂಬ ಪಡಿತರದ ಲೆಕ್ಕವಿದೆ. ಹೆರಿಗೆಯಾದ ಹೆಂಗಸರಿಗೆ ಹೆಚ್ಚಿನ ಪಡಿ ಕೊಟ್ಟದ್ದು ದಾಖಲಾಗಿದೆ. ಗಂಡುಮಗುವಾದರೆ ಹೆಣ್ಣುಮಗುವಿಗಿಂತ ಜಾಸ್ತಿ ಎಂಬುದೂ ದಾಖಲಾಗಿದೆ. ಹೆಣ್ಣುಮಕ್ಕಳು ಇಲ್ಲಿ ಜಗಳ ತೆಗೆಯುತ್ತಾರೆ, ತೆಗೆಯಲಿ. ಜೇಡಿಮಣ್ಣು ತಟ್ಟಿ ಪ್ರತಿಯೊಬ್ಬರೂ ಒಂದು ಪಡಿತರ ಫಲಕ ಮಾಡಲಿ, ಕಡ್ಡಿಯಿಂದ ಗೀಚಿ ನೆರಳಲ್ಲಿ ಒಣಗಿಸಲಿ. ಪರ್ಷಿಯನ್ನರನ್ನು ರಾಕ್ಷಸರಂತೆ ನೋಡಿದ್ದ ಕಣ್ಣಿಗೆ ಒಬ್ಬ ಉಗ್ರಾಣದ ಗುಮಾಸ್ತ ಕಂಡರೆ ಈ ಹಂತ ಗೆದ್ದಂತೆ.

ಹಂತ 3: ಕಥೆ ಹೇಳಿದವನು ಯಾರು?

ನನ್ನ ಪ್ರಕಾರ ಇಡೀ ಪಾಠದ ಬೆನ್ನೆಲುಬು ಇದೇ. ಈ ಯುದ್ಧಗಳ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಒಬ್ಬನೇ ಮನುಷ್ಯನಿಂದ ಬಂದದ್ದು. ಹೆರೊಡೋಟಸ್ ಹುಟ್ಟಿದ್ದು ಸುಮಾರು ಕ್ರಿ.ಪೂ. 484ರಲ್ಲಿ, ಹ್ಯಾಲಿಕರ್ನಾಸಸ್ ಎಂಬ ಊರಲ್ಲಿ. ಈಗ ಅದು ಟರ್ಕಿಯ ಬೋಡ್ರಮ್. ಗ್ರೀಕ್ ಮಾತಾಡುವ ಊರು, ಆದರೆ ಪರ್ಷಿಯನ್ ಆಳ್ವಿಕೆಯಲ್ಲಿತ್ತು. 480ರ ಯುದ್ಧ ನಡೆದಾಗ ಅವನಿನ್ನೂ ಮಗು. ಬರೆದದ್ದು ದಶಕಗಳ ನಂತರ, ಅವರಿವರನ್ನು ಕೇಳಿ. ‘ಹೀಗೆ ಹೇಳುತ್ತಾರೆ, ನಾನು ನಂಬುವುದಿಲ್ಲ’ ಎಂದು ಅವನೇ ಹಲವೆಡೆ ಹೇಳುತ್ತಾನೆ. ಪರ್ಷಿಯನ್ನರ ಕಡೆಯಿಂದ ಈ ಯುದ್ಧದ ಕಥನ ಒಂದೂ ಉಳಿದಿಲ್ಲ.

ಈಗ ಚೀಟಿಗಳನ್ನು ಹೊರತೆಗೆಯಿರಿ. ಹಸಿರು ಎಂದರೆ ನೆಲದಿಂದ, ಕಲ್ಲಿನಿಂದ, ಲೋಹದಿಂದ ಸಿಕ್ಕಿದ ಸಾಕ್ಷ್ಯ. ಹಳದಿ ಎಂದರೆ ಆ ಕಾಲದವರು ಅಥವಾ ಅವರ ಮಕ್ಕಳ ಕಾಲದವರು ಹೇಳಿದ್ದು. ಗುಲಾಬಿ ಎಂದರೆ ನೂರಾರು ವರ್ಷದ ನಂತರ ಬರೆದವರು ಹೇಳಿದ್ದು. ಇಲ್ಲಿಂದ ಮುಂದೆ ಏನೇ ಕಲಿತರೂ ಅದನ್ನು ಸರಿಯಾದ ಬಣ್ಣದ ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸುವುದು ಮಕ್ಕಳ ಕೆಲಸ. ಪಡಿತರದ ಫಲಕ ಹಸಿರು. ರಾಜಮಾರ್ಗದ 111 ತಂಗುದಾಣ ಹಳದಿ.

ಹನ್ನೆರಡು ದಾಟಿದವರಿಗೆ ಹೆರೊಡೋಟಸ್‌ನ ಒಂದು ಪ್ರಸಂಗ ಹೇಳಬಹುದು. ಡೇರಿಯಸ್ ತನ್ನ ಆಸ್ಥಾನದಲ್ಲಿದ್ದ ಗ್ರೀಕರನ್ನು ಕರೆದು, ಎಷ್ಟು ಹಣ ಕೊಟ್ಟರೆ ಸತ್ತ ತಂದೆಯ ದೇಹವನ್ನು ತಿನ್ನುತ್ತೀರಿ ಎಂದು ಕೇಳಿದ. ಎಷ್ಟು ಕೊಟ್ಟರೂ ಇಲ್ಲ ಎಂದರು. ಆಮೇಲೆ ಹಾಗೆ ತಿನ್ನುವ ಪದ್ಧತಿಯುಳ್ಳವರೆಂದು ಹೇಳಲಾದ ಭಾರತದ ಒಂದು ಜನರನ್ನು ಕರೆದು, ಎಷ್ಟು ಕೊಟ್ಟರೆ ಸುಡುತ್ತೀರಿ ಎಂದು ಕೇಳಿದ. ಅವರು ಅಂಥ ಮಾತು ಆಡಬೇಡಿ ಎಂದು ಕೂಗಿಕೊಂಡರು. ಭಾರತೀಯರು ಹಾಗೆ ಮಾಡುತ್ತಿದ್ದರೇ ಎಂದು ಮಕ್ಕಳು ತಕ್ಷಣ ಪ್ರತಿಭಟಿಸುತ್ತಾರೆ. ಯಾವ ಬಣ್ಣದ ಚೀಟಿ ಎಂದಷ್ಟೇ ಕೇಳಿ. ದೂರದ ಊರಿನ ಸುದ್ದಿ ಎಷ್ಟು ಬಾಯಿ ದಾಟಿ ಬಂದಿರಬಹುದು ಎಂಬ ಯೋಚನೆ ಅವರಿಗೇ ಹೊಳೆಯುತ್ತದೆ.

ಹಂತ 4: ಯಾರು ಮೊದಲು ಶುರು ಮಾಡಿದ್ದು?

ಇದನ್ನು ಬೇಗ ಮುಗಿಸಬಹುದು. ಟರ್ಕಿಯ ಕರಾವಳಿಯ ಗ್ರೀಕ್ ಊರುಗಳು, ಅಂದರೆ ಅಯೋನಿಯಾದವು, 499ರಲ್ಲಿ ಪರ್ಷಿಯಾದ ವಿರುದ್ಧ ದಂಗೆ ಎದ್ದವು. ಮಿಲೆಟಸ್‌ನ ಅರಿಸ್ಟಾಗೊರಸ್ ನೆರವು ಕೇಳಲು ಕಂಚಿನ ನಕ್ಷೆಯೊಂದನ್ನು ಹಿಡಿದುಕೊಂಡು ಸ್ಪಾರ್ಟಾಕ್ಕೆ ಹೋದ. ಸಮುದ್ರದಿಂದ ಪರ್ಷಿಯದ ರಾಜನ ಊರಿಗೆ ಎಷ್ಟು ದಿನದ ದಾರಿ ಎಂದು ಅಲ್ಲಿಯ ರಾಜ ಕೇಳಿದ. ಮೂರು ತಿಂಗಳು ಎಂದು ಬಾಯಿ ತಪ್ಪಿ ನಿಜ ಹೇಳಿದ್ದೇ ತಡ, ಹೊತ್ತು ಮುಳುಗುವುದರೊಳಗೆ ಊರು ಬಿಡು ಎಂಬ ಉತ್ತರ ಬಂತು. ಅಥೆನ್ಸ್ 20 ಹಡಗು ಕೊಟ್ಟಿತು, ಎರೆಟ್ರಿಯಾ ಎಂಬ ಇನ್ನೊಂದು ಗ್ರೀಕ್ ಊರು 5. ಇವರೆಲ್ಲ ಸೇರಿ 498ರಲ್ಲಿ ಸಾರ್ಡಿಸ್‌ಗೆ ನುಗ್ಗಿದಾಗ ಊರು ಸುಟ್ಟುಹೋಯಿತು, ಗುಡಿಯೂ ಸುಟ್ಟಿತು. ಊಟಕ್ಕೆ ಕೂತಾಗಲೆಲ್ಲ ‘ಒಡೆಯಾ, ಅಥೆನ್ಸಿನವರನ್ನು ಮರೆಯಬೇಡಿ’ ಎಂದು ಮೂರು ಸಲ ಹೇಳಲು ಡೇರಿಯಸ್ ಒಬ್ಬ ಆಳನ್ನು ನೇಮಿಸಿದನಂತೆ.

ಬೋರ್ಡಿನ ಮೇಲೆ ಮೂರು ಬೆಂಕಿಯ ಚಿತ್ರ ಬರೆಯಿರಿ: 498 ಸಾರ್ಡಿಸ್, 480 ಅಥೆನ್ಸ್, 330 ಪರ್ಸೆಪೊಲಿಸ್. ಕೊನೆಯದನ್ನು ಹಚ್ಚಿದ್ದು ಅಲೆಕ್ಸಾಂಡರ್. ಅಥೆನ್ಸ್ ಸುಟ್ಟಿದ್ದಕ್ಕೆ ಪ್ರತೀಕಾರ ಎಂಬುದು ಅದಕ್ಕೆ ಕೊಟ್ಟ ಕಾರಣ. ಬಾಣದ ಗುರುತು ಹಾಕಿ ಒಂದನ್ನೊಂದು ಜೋಡಿಸುವ ಕೆಲಸ ಮಕ್ಕಳಿಗೇ ಇರಲಿ.

ಹಂತ 5: ಮ್ಯಾರಥಾನ್ ಮತ್ತು ರಟ್ಟಿನ ಗುರಾಣಿ

490ರಲ್ಲಿ ಡೇರಿಯಸ್‌ನ ಪಡೆ ಸಮುದ್ರ ದಾಟಿ ಬಂದು ಎರೆಟ್ರಿಯಾವನ್ನು ನಾಶಮಾಡಿ ಮ್ಯಾರಥಾನ್ ಬಯಲಿಗೆ ಇಳಿಯಿತು. ಅಥೆನ್ಸಿನವರ ಜೊತೆ ನಿಂತದ್ದು ಪುಟ್ಟ ಊರು ಪ್ಲಾಟಿಯಾ ಮಾತ್ರ.

ಕದನ ಹೇಳುವ ಮುಂಚೆ ರಟ್ಟನ್ನು 90 ಸೆಂ.ಮೀ. ಅಗಲದ ವೃತ್ತವಾಗಿ ಕತ್ತರಿಸಿ ಗುರಾಣಿ ಮಾಡಿಸಿ. ಹಾಪ್ಲೈಟ್ ಎಂದು ಕರೆಯುವ ಗ್ರೀಕ್ ಕಾಲಾಳುವಿನ ಗುರಾಣಿ ಹೆಚ್ಚುಕಡಿಮೆ ಅಷ್ಟೇ ಇತ್ತು, ಮರದ್ದು, ಆರೇಳು ಕಿಲೋ ತೂಕ. ಎಡಗೈಯಲ್ಲಿ ಹಿಡಿದು ಆರೇಳು ಮಕ್ಕಳು ಒತ್ತೊತ್ತಾಗಿ ಸಾಲು ನಿಲ್ಲಲಿ. ಗುರಾಣಿಯ ಅರ್ಧ ತನಗೆ, ಇನ್ನರ್ಧ ಎಡಗಡೆಯವನಿಗೆ. ಈಗ ನೇರವಾಗಿ ಮುಂದೆ ನಡೆಯಲು ಹೇಳಿ, ನೀವು ಮೆತ್ತಗೆ ಕಾಗದದ ಉಂಡೆ ಎಸೆಯಿರಿ. ಸಾಲು ಬಲಕ್ಕೆ ವಾಲುತ್ತಾ ಹೋಗುತ್ತದೆ, ಯಾಕೆಂದರೆ ಪ್ರತಿಯೊಬ್ಬರೂ ತಮ್ಮ ಬರಿಮೈ ಮರೆಮಾಡಲು ಬಲಗಡೆಯವರ ಗುರಾಣಿಗೆ ಒತ್ತಿಕೊಳ್ಳುತ್ತಾರೆ. ಗ್ರೀಕ್ ಸೇನೆಗಳಲ್ಲಿ ಹೀಗೇ ಆಗುತ್ತಿತ್ತೆಂದು ಥುಸಿಡಿಡೀಸ್ ಎಂಬ ಇತಿಹಾಸಕಾರ ಬರೆದಿದ್ದಾನೆ. ಮಕ್ಕಳಿಗೆ ಮೊದಲು ಹೇಳಬೇಡಿ. ಆಗಲಿ, ಆಮೇಲೆ ಹೇಳಿ.

ಮ್ಯಾರಥಾನ್‌ನಲ್ಲಿ ಗ್ರೀಕರು ನಡುವಿನ ಸಾಲನ್ನು ತೆಳ್ಳಗೆ ಬಿಟ್ಟು ಎರಡು ಪಕ್ಕಗಳನ್ನು ಗಟ್ಟಿ ಮಾಡಿದರು. ನಡು ಹಿಂದೆ ಸರಿಯಿತು, ಪಕ್ಕಗಳು ಗೆದ್ದು ಒಳಕ್ಕೆ ತಿರುಗಿಕೊಂಡವು. ಸತ್ತ ಅಥೆನ್ಸಿನವರು 192, ಪರ್ಷಿಯನ್ನರು 6400 ಎಂದು ಹೆರೊಡೋಟಸ್ ಹೇಳುತ್ತಾನೆ. ಎರಡೂ ಹಳದಿ ಚೀಟಿ. ಆದರೆ ಸತ್ತ ಅಥೆನ್ಸಿನವರ ಮೇಲೆ ಕಟ್ಟಿದ ಮಣ್ಣಿನ ದಿಬ್ಬ ಇವತ್ತಿಗೂ ಅಲ್ಲಿದೆ. ಅದಕ್ಕೆ ಹಸಿರು.

ಇನ್ನು ಓಟ. ಫಿಡಿಪ್ಪಿಡೀಸ್ ಅಥೆನ್ಸ್‌ಗೆ ಓಡಿಬಂದು ‘ಗೆದ್ದೆವು’ ಎಂದು ಪ್ರಾಣಬಿಟ್ಟ ಎಂಬ ಕಥೆ ಎಲ್ಲರಿಗೂ ಗೊತ್ತು. ಅದು ಗುಲಾಬಿ. ಆರು ಶತಮಾನದಷ್ಟು ನಂತರದ ಬರಹಗಳಲ್ಲಿ ಬರುವ ಕಥೆ ಅದು. ಹೆರೊಡೋಟಸ್ ಹೇಳುವ ಓಟ ಇನ್ನೂ ದೊಡ್ಡದು. ಕದನಕ್ಕೆ ಮೊದಲು ನೆರವು ಕೇಳಲು ಅವನು ಅಥೆನ್ಸ್‌ನಿಂದ ಸ್ಪಾರ್ಟಾಕ್ಕೆ, ಸುಮಾರು 240 ಕಿ.ಮೀ. ಓಡಿ ಮರುದಿನವೇ ತಲುಪಿದ. ಬೆಂಗಳೂರು ಬಿಟ್ಟವನು ಚಿತ್ರದುರ್ಗ ದಾಟಿ ದಾವಣಗೆರೆಯ ಹತ್ತಿರ ಹೋದಷ್ಟು ದೂರ. ಹುಣ್ಣಿಮೆ ಆಗದೆ ನಾವು ಹೊರಡುವಂತಿಲ್ಲ ಎಂದರು ಸ್ಪಾರ್ಟಾದವರು. ಇದು ನಂಬುವ ಮಾತೇ ಎಂದು ಮಕ್ಕಳು ಕೇಳಿದರೆ, 1983ರಿಂದ ಅದೇ ದಾರಿಯಲ್ಲಿ 246 ಕಿ.ಮೀ. ಓಟದ ಸ್ಪರ್ಧೆ ನಡೆಯುತ್ತಿದೆ, ಮೂವತ್ತಾರು ಗಂಟೆಯೊಳಗೆ ಮುಗಿಸುವವರಿದ್ದಾರೆ ಎಂದು ಹೇಳಿ. ನಮ್ಮ ಮ್ಯಾರಥಾನ್ ಓಟ ಹುಟ್ಟಿದ್ದು 1896ರ ಒಲಿಂಪಿಕ್ಸ್‌ನಲ್ಲಿ, ಗುಲಾಬಿ ಚೀಟಿಯ ಕಥೆಯಿಂದ.

ಹಂತ 6: ಹತ್ತು ಹುಣಸೆ ಬೀಜ

ಎರಡು ಯುದ್ಧಗಳ ನಡುವೆ, 483ರ ಹೊತ್ತಿಗೆ, ಅಥೆನ್ಸ್ ಬಳಿಯ ಲಾರಿಯನ್ ಗಣಿಯಲ್ಲಿ ಬೆಳ್ಳಿ ಹೇರಳವಾಗಿ ಸಿಕ್ಕಿತು. ಪ್ರತಿ ನಾಗರಿಕನಿಗೂ ಹತ್ತು ಡ್ರಾಕ್ಮಾ ನಾಣ್ಯ ಹಂಚೋಣ ಎಂಬ ಮಾತು ಬಂತು. ಬೇಡ, ಹಡಗು ಕಟ್ಟೋಣ ಎಂದ ಅಥೆನ್ಸಿನ ನಾಯಕ ಥೆಮಿಸ್ಟೋಕ್ಲಿಸ್. ಪರ್ಷಿಯಾ ಬರುತ್ತದೆ ಎಂದು ಅವನು ಹೆದರಿಸಲಿಲ್ಲ. ಕಣ್ಣೆದುರಿಗೆ ಕಾಣುವ ಪಕ್ಕದ ದ್ವೀಪ ಈಜಿನಾದ ಜಗಳವನ್ನು ನೆಪ ಮಾಡಿದ.

ಪ್ರತಿ ಮಗುವಿಗೂ ಹತ್ತು ಹುಣಸೆ ಬೀಜ ಕೊಡಿ. ಹತ್ತು ಬೀಜಕ್ಕೆ ಒಂದು ಚಾಕಲೇಟು ಕೊಳ್ಳಬಹುದು, ಇಲ್ಲವೇ ಎಲ್ಲರೂ ಒಟ್ಟುಗೂಡಿಸಿದರೆ ಒಂದು ಚೆಂಡು. ಒಬ್ಬರು ಥೆಮಿಸ್ಟೋಕ್ಲಿಸ್ ಆಗಿ ಭಾಷಣ ಮಾಡಲಿ, ಒಬ್ಬರು ಎದುರು ವಾದಿಸಲಿ, ಆಮೇಲೆ ಕೈ ಎತ್ತಿ ಮತ. ಮತ ಹಾಕುವ ಮುಂಚೆ ಹುಡುಗಿಯರನ್ನೆಲ್ಲ ಪಕ್ಕಕ್ಕೆ ಕೂರಿಸಿ, ಹುಡುಗರಲ್ಲೂ ಕೆಲವರಿಗೆ ‘ನೀವು ಗುಲಾಮರು’ ಎಂದು ಚೀಟಿ ಕೊಟ್ಟು ಹೊರಗಿಡಿ. ಅಥೆನ್ಸಿನ ಪ್ರಜಾಪ್ರಭುತ್ವದಲ್ಲಿ ಮತ ಇದ್ದದ್ದು ನಾಗರಿಕ ಗಂಡಸರಿಗೆ ಮಾತ್ರ. ಆ ಬೆಳ್ಳಿಯನ್ನು ಗಣಿಯಿಂದ ಅಗೆದವರು ಗುಲಾಮರು. ಗಲಾಟೆಯಾಗುತ್ತದೆ, ಹತ್ತು ನಿಮಿಷ ಬಿಟ್ಟು ಎಲ್ಲರಿಗೂ ಮತ ಕೊಟ್ಟು ಮತ್ತೊಮ್ಮೆ ಎಣಿಸಿ. ಚಾಕಲೇಟು ಕೊನೆಯಲ್ಲಿ ಎಲ್ಲರಿಗೂ ಸಿಗಲಿ, ಇಲ್ಲದಿದ್ದರೆ ಮನೆಯವರ ಫೋನ್ ಬರುತ್ತದೆ.

ಹಂತ 7: ಹೆರೊಡೋಟಸ್‌ನ ಲೆಕ್ಕ ತಿದ್ದುವುದು

ಡೇರಿಯಸ್ ತೀರಿಕೊಂಡ. ಮಗ ಕ್ಸರ್ಕ್ಸಿಸ್ 480ರಲ್ಲಿ ಸ್ವತಃ ಹೊರಟ. ಏಷ್ಯಾಕ್ಕೂ ಯುರೋಪಿಗೂ ನಡುವಿನ ಹೆಲೆಸ್ಪಾಂಟ್ ಜಲಸಂಧಿಗೆ ದೋಣಿಗಳನ್ನು ಸಾಲಾಗಿ ಕಟ್ಟಿ ಎರಡು ಸೇತುವೆ ಮಾಡಿಸಿದ. ಮೊದಲ ಸಲ ಕಟ್ಟಿದ್ದು ಬಿರುಗಾಳಿಗೆ ಹರಿದುಹೋದಾಗ ಸಮುದ್ರಕ್ಕೆ 300 ಛಡಿಯೇಟು ಹೊಡೆಸಿದ ಎಂಬುದು ಹಳದಿ. ಅಥೋಸ್ ಪರ್ಯಾಯ ದ್ವೀಪದ ಕುತ್ತಿಗೆಯಲ್ಲಿ ಹಡಗು ಹಾಯಲು ಕಾಲುವೆ ತೋಡಿಸಿದ ಎಂಬುದಕ್ಕೆ ಹಳದಿಯ ಜೊತೆ ಹಸಿರೂ ಅಂಟಿಸಬಹುದು, ಮಣ್ಣಿನಡಿ ಅದರ ಗುರುತುಗಳನ್ನು ಸಂಶೋಧಕರು ಪತ್ತೆಮಾಡಿದ್ದಾರೆ.

ಡೊರಿಸ್ಕಸ್ ಎಂಬಲ್ಲಿ ಸೇನೆಯನ್ನು ಎಣಿಸಿದ ಬಗೆ ಮಕ್ಕಳಿಗೆ ತುಂಬಾ ಹಿಡಿಸುತ್ತದೆ. ಹತ್ತು ಸಾವಿರ ಜನರನ್ನು ಒತ್ತಿ ನಿಲ್ಲಿಸಿ ಸುತ್ತ ಗೆರೆ ಎಳೆದರು, ಗೆರೆಯ ಮೇಲೆ ಹೊಕ್ಕುಳೆತ್ತರದ ಗೋಡೆ ಕಟ್ಟಿದರು. ಆಮೇಲೆ ಸೇರಿನಲ್ಲಿ ಅಕ್ಕಿ ಅಳೆದ ಹಾಗೆ, ತುಂಬುವುದು, ಖಾಲಿ ಮಾಡುವುದು, ಮತ್ತೆ ತುಂಬುವುದು. ಒಟ್ಟು 17 ಲಕ್ಷ ಕಾಲಾಳು ಬಂತಂತೆ. ಗೋಡೆಯನ್ನು ಎಷ್ಟು ಸಲ ತುಂಬಿರಬೇಕು ಎಂದು ಕೇಳಿ. ಹಾಗೇ ಒಂದು ಲೋಟಕ್ಕೆ ಹಿಡಿಸುವ ಅಕ್ಕಿಕಾಳು ಎಣಿಸಿ, ಡಬ್ಬದ ಅಕ್ಕಿಯ ಕಾಳೆಷ್ಟು ಎಂದು ಅಂದಾಜು ಮಾಡಿಸಿ. ಚಿಕ್ಕ ಲೋಟವೇ ತೆಗೆದುಕೊಳ್ಳಿ.

ಇನ್ನು ಪರೀಕ್ಷೆ. 17 ಲಕ್ಷ ಜನ ನಾಲ್ಕು ನಾಲ್ಕರಂತೆ ಸಾಲಿನಲ್ಲಿ ನಡೆದರೆ, ಒಂದು ಸಾಲಿಗೆ ಒಂದೇ ಮೀಟರ್ ಜಾಗ ಕೊಟ್ಟರೂ 425 ಕಿ.ಮೀ. ಉದ್ದ. ಮುಂದಿನವನು ಹುಬ್ಬಳ್ಳಿ ದಾಟಿದಾಗ ಹಿಂದಿನವನು ಬೆಂಗಳೂರಿನಲ್ಲಿ ಹೊರಡಲು ಕಾಯುತ್ತಿರುತ್ತಾನೆ. ಇವರಿಗೆಲ್ಲ ಕುಡಿಯುವ ನೀರು ಯಾವ ಹೊಳೆ ಕೊಟ್ಟೀತು? ಹಡಗಿನವರು, ಆಳುಕಾಳುಗಳೂ ಸೇರಿ ಒಟ್ಟು 52,83,220 ಜನ ಎಂದು ಹೆರೊಡೋಟಸ್ ಕೂಡಿಸುತ್ತಾನೆ. ತಲೆಗೆ ದಿನಕ್ಕೊಂದು ಖೋಯ್ನಿಕ್ಸ್ ಗೋಧಿ, 48 ಖೋಯ್ನಿಕ್ಸ್‌ಗೆ ಒಂದು ಮೆಡಿಮ್ನಸ್; ಹಾಗಾಗಿ ದಿನಕ್ಕೆ 1,10,340 ಮೆಡಿಮ್ನಸ್ ಗೋಧಿ ಬೇಕು ಎನ್ನುತ್ತಾನೆ. ಮಕ್ಕಳು ಭಾಗಿಸಲಿ. 1,10,067 ಬರುತ್ತದೆ, ಮಿಕ್ಕಿದ್ದು 4. ಇತಿಹಾಸದ ಪಿತಾಮಹನೆಂದು ಹೆಸರಾದವನು ಭಾಗಾಕಾರದಲ್ಲಿ ತಪ್ಪಿದ್ದಾನೆ! ಇಂದಿನ ಇತಿಹಾಸಕಾರರ ಅಂದಾಜುಗಳು ಒಂದರಿಂದ ಮೂರು ಲಕ್ಷದ ಆಸುಪಾಸಿನಲ್ಲಿ ಓಡಾಡುತ್ತವೆ. ಅದೂ ಆ ಕಾಲಕ್ಕೆ ಭಾರೀ ಸೇನೆಯೇ.

ಈ ಸೇನೆಯ ಪಟ್ಟಿಯಲ್ಲಿ ಭಾರತದವರೂ ಇದ್ದಾರೆ. ಹತ್ತಿಯ ಬಟ್ಟೆ ತೊಟ್ಟು, ಬಿದಿರಿನಂಥ ಜೊಂಡಿನ ಬಿಲ್ಲು ಹಿಡಿದು, ಕಬ್ಬಿಣದ ಮೊನೆಯ ಬಾಣ ಹೊತ್ತವರು ಎಂದು ವಿವರಿಸುತ್ತಾನೆ. ಮರದಲ್ಲಿ ಬೆಳೆಯುವ ಉಣ್ಣೆ ಎಂಬುದು ಅವನಿಗೆ ಬೆರಗು. ಇವರು ಸಿಂಧೂ ಬಯಲಿನ ಕಡೆಯವರು. ನಮ್ಮ ದಕ್ಷಿಣಕ್ಕೂ ಅವರಿಗೂ ಸಂಬಂಧ ಹೆಣೆಯಲು ಹೋಗಬೇಡಿ.

ಹಂತ 8: ಥರ್ಮೋಪಿಲೆ

ಈಗ ಬರಲಿ ಮುನ್ನೂರು ಜನ. ಥರ್ಮೋಪಿಲೆ ಎಂದರೆ ಬೆಟ್ಟಕ್ಕೂ ಸಮುದ್ರಕ್ಕೂ ನಡುವಿನ ಇಕ್ಕಟ್ಟಾದ ದಾರಿ; 480ರಲ್ಲಿ ಗ್ರೀಕರು ಕ್ಸರ್ಕ್ಸಿಸ್‌ನ ಸೇನೆಯನ್ನು ತಡೆದು ನಿಂತದ್ದು ಅಲ್ಲಿ. ಮೊದಲು ಬಾಗಿಲು ತೋರಿಸಿ. ಬಾಗಿಲ ಆಚೆ ಇಪ್ಪತ್ತು ಮಕ್ಕಳು, ಈಚೆ ನಾಲ್ವರು. ಒಂದು ಸಲಕ್ಕೆ ಎಷ್ಟು ಜನ ಮುಖಾಮುಖಿ ಆಗಬಹುದು? ತಳ್ಳಾಟ ಬೇಡ, ನಿಂತು ನೋಡಿದರೆ ಸಾಕು. ಆಮೇಲೆ ಇಬ್ಬರನ್ನು ಸುತ್ತಿಬಳಸಿ ಹಿತ್ತಿಲ ಬಾಗಿಲಿನಿಂದ ಕಳಿಸಿ. ಎಫಿಯಾಲ್ಟಿಸ್ ಎಂಬವನು ಪರ್ಷಿಯನ್ನರಿಗೆ ತೋರಿಸಿಕೊಟ್ಟ ಬೆಟ್ಟದ ಕಾಲುದಾರಿ ಅಷ್ಟರಲ್ಲೇ ಅರ್ಥವಾಗುತ್ತದೆ.

ಸ್ಯಾಟಲೈಟ್ ನಕ್ಷೆ ತೆರೆಯುವುದಾದರೆ ಮುಂಚೆಯೇ ಎಚ್ಚರಿಸಿ. ಅಲ್ಲೀಗ ಇಕ್ಕಟ್ಟು ಕಾಣುವುದಿಲ್ಲ. ನದಿಯ ಹೂಳು ತುಂಬಿ ಸಮುದ್ರ ಕೆಲವು ಕಿ.ಮೀ. ಹಿಂದೆ ಸರಿದಿದೆ.

ಚೀಟಿ ಅಂಟಿಸುವಾಗ ಮಕ್ಕಳಿಗೆ ಸ್ವಲ್ಪ ಬೇಜಾರಾಗಬಹುದು. ‘ಬಂದು ತಗೊಳ್ಳಿ’ ಎಂದು ಸ್ಪಾರ್ಟಾದ ರಾಜ ಲಿಯೊನಿಡಾಸ್ ಆಯುಧದ ಬಗ್ಗೆ ಹೇಳಿದ ಮಾತು ಗುಲಾಬಿ. ‘ಬಾಣಗಳು ಸೂರ್ಯನನ್ನೇ ಮುಚ್ಚಿದರೆ ಒಳ್ಳೆಯದಾಯಿತು, ನೆರಳಲ್ಲಿ ಕಾದಾಡೋಣ’ ಎಂಬ ಸ್ಪಾರ್ಟಾದ ಯೋಧ ಡೈನೆಕೀಸ್‌ನ ಮಾತು ಹಳದಿ, ಅದನ್ನು ಇಟ್ಟುಕೊಳ್ಳಲಿ. ಮೊದಲಿಗೆ ಗ್ರೀಕರ ಕಡೆ ಕೆಲವು ಸಾವಿರ ಮಂದಿಯಿದ್ದರು, ಕೊನೆಯ ದಿನ ಸ್ಪಾರ್ಟಾದವರ ಜೊತೆ ಥೆಸ್ಪಿಯೆ ಎಂಬ ಊರಿನ 700 ಜನ ಸ್ವಂತ ಇಚ್ಛೆಯಿಂದ ಉಳಿದು ಸತ್ತರು. ಮುನ್ನೂರಕ್ಕೆ ಸಿಕ್ಕ ಹೆಸರು ಏಳುನೂರಕ್ಕೆ ಯಾಕೆ ಸಿಗಲಿಲ್ಲ ಎಂಬ ಪ್ರಶ್ನೆಗೆ ನನ್ನ ಬಳಿ ಸಿದ್ಧ ಉತ್ತರವಿಲ್ಲ. ಮಕ್ಕಳಿಂದ ಒಳ್ಳೊಳ್ಳೆಯ ಉತ್ತರಗಳು ಬರುತ್ತವೆ.

ಲಿಯೊನಿಡಾಸ್‌ನ ತಲೆಯನ್ನು ಕ್ಸರ್ಕ್ಸಿಸ್ ಕಡಿಸಿದ್ದು, ಪರ್ಷಿಯಾದ ದೂತರನ್ನು ಬಾವಿಗೆ ತಳ್ಳಿದ್ದು, ಇಂಥವನ್ನು ಹತ್ತು ವರ್ಷದೊಳಗಿನವರಿಗೆ ಹೇಳಬೇಕಾಗಿಲ್ಲ. ದೊಡ್ಡ ಮಕ್ಕಳಿಗೆ ಹೇಳುವುದಾದರೆ ಎರಡೂ ಕಡೆಯದನ್ನು ಹೇಳಿ. ದೂತರನ್ನು ಕೊಂದವರು ಅಥೆನ್ಸ್ ಮತ್ತು ಸ್ಪಾರ್ಟಾದವರು.

ಹಂತ 9: ಮೈದಾನದಲ್ಲಿ ಒಂದು ಯುದ್ಧನೌಕೆ

ಇಲ್ಲಿ ಸಮಯ ಉಳಿಸಬೇಡಿ. ಟ್ರೈರೀಮ್ ಎಂಬ ಹಡಗು ಸುಮಾರು 37 ಮೀಟರ್ ಉದ್ದ, ಐದೂವರೆ ಮೀಟರ್ ಅಗಲ. ಎರಡು ವಾಲಿಬಾಲ್ ಅಂಕಣಗಳನ್ನು ಉದ್ದಕ್ಕೆ ಜೋಡಿಸಿದಷ್ಟು. ಸುಣ್ಣದ ಪುಡಿಯಲ್ಲಿ ಮೈದಾನದ ಮೇಲೆ ಗುರುತು ಹಾಕಿಸಿ. ಇಷ್ಟರಲ್ಲಿ 170 ಜನ ಹುಟ್ಟು ಹಾಕುತ್ತಿದ್ದರು, ಮೂರು ಅಂತಸ್ತಿನಲ್ಲಿ: ಮೇಲೆ 62, ನಡುವೆ 54, ಕೆಳಗೆ 54. ಮಿಕ್ಕವರೂ ಸೇರಿ ಒಟ್ಟು 200. ಮೂತಿಗೆ ಕಂಚಿನ ಕೊಂಬು. ಎದುರಿನ ಹಡಗಿಗೆ ಗುದ್ದಲು. ಮಕ್ಕಳು ಒಬ್ಬರ ಹಿಂದೊಬ್ಬರು ಕೂತು, ಒಬ್ಬರು ತಾಳ ಹಾಕಿದಂತೆ ಕೋಲು ಎಳೆಯಲಿ. ಮೊದಲ ಐದು ನಿಮಿಷ ಕೋಲಿಗೆ ಕೋಲು ತಾಗುತ್ತದೆ. ನಿಜವಾದ ಹಡಗಿನಲ್ಲಿ ಲಯ ಕಾಯಲು ಕೊಳಲಿನಂಥ ವಾದ್ಯ ನುಡಿಸುವವನೊಬ್ಬ ಇರುತ್ತಿದ್ದ.

ಆಮೇಲೆ ಕಥೆ. ಅಥೆನ್ಸಿನವರು ಊರನ್ನೇ ಖಾಲಿ ಮಾಡಿ ಎದುರಿನ ಸಲಾಮಿಸ್ ದ್ವೀಪಕ್ಕೂ ಬೇರೆ ಊರುಗಳಿಗೂ ಹೋದರು. ಪರ್ಷಿಯನ್ನರು ಅಥೆನ್ಸ್ ಸುಟ್ಟ ಹೊಗೆ ಅಲ್ಲಿಂದಲೇ ಕಾಣುತ್ತಿತ್ತು. ಉಳಿದ ಗ್ರೀಕರು ಹಡಗು ತೆಗೆದುಕೊಂಡು ತಂತಮ್ಮ ಊರ ಕಡೆ ಹೋಗುವ ಯೋಚನೆಯಲ್ಲಿದ್ದರು. ಥೆಮಿಸ್ಟೋಕ್ಲಿಸ್ ತನ್ನ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಸಿಕಿನ್ನಸ್ ಎಂಬ ಆಳನ್ನು ರಾತ್ರಿ ದೋಣಿಯಲ್ಲಿ ಪರ್ಷಿಯನ್ನರ ಬಳಿಗೆ ಕಳಿಸಿ ‘ಗ್ರೀಕರು ಓಡಿಹೋಗಲಿದ್ದಾರೆ, ಈಗಲೇ ಹಿಡಿಯಿರಿ’ ಎಂದು ಹೇಳಿಸಿದ. ಪರ್ಷಿಯನ್ ನೌಕಾಪಡೆ ರಾತ್ರಿಯಿಡೀ ಹುಟ್ಟು ಹಾಕಿ ದಣಿದು, ಬೆಳಿಗ್ಗೆ ಇಕ್ಕಟ್ಟಾದ ನೀರಿಗೆ ನುಗ್ಗಿತು. ಅಲ್ಲಿ ಹೆಚ್ಚು ಹಡಗಿದ್ದದ್ದೇ ತೊಂದರೆಯಾಯಿತು.

ಪಾತ್ರಾಭಿನಯಕ್ಕೆ ಒಬ್ಬಳು ಸಿದ್ಧಳಿದ್ದಾಳೆ. ಹೆರೊಡೋಟಸ್‌ನ ಊರಿನ ರಾಣಿಯೇ ಆದ ಆರ್ಟೆಮಿಸಿಯಾ ಐದು ಹಡಗು ತಂದು ಕ್ಸರ್ಕ್ಸಿಸ್‌ನ ಪರವಾಗಿ ಹೋರಾಡಿದಳು, ಗ್ರೀಕಳಾಗಿದ್ದೂ. ಸಭೆಯಲ್ಲಿ ಎಲ್ಲರೂ ಸಮುದ್ರಯುದ್ಧ ಬೇಕು ಎಂದಾಗ ಇವಳೊಬ್ಬಳೇ ಬೇಡ ಎಂದಳು. ರಾಜ ಸಿಟ್ಟಾಗುತ್ತಾನೆ ಎಂದು ಉಳಿದವರು ಕಾದರು. ಅವನು ಮೆಚ್ಚಿಕೊಂಡ, ಆದರೂ ಮಾತು ಕೇಳಲಿಲ್ಲ. ಕದನದಲ್ಲಿ ಅಥೆನ್ಸಿನ ಹಡಗೊಂದು ಬೆನ್ನಟ್ಟಿದಾಗ ಅವಳು ತನ್ನದೇ ಪಕ್ಷದ ಹಡಗಿಗೆ ಗುದ್ದಿ ಮುಳುಗಿಸಿದಳು. ಬೆನ್ನಟ್ಟಿದವನು ಇದು ನಮ್ಮ ಕಡೆಯ ಹಡಗೇ ಇರಬೇಕು ಎಂದು ಬಿಟ್ಟ. ದಡದಲ್ಲಿ ಕೂತಿದ್ದ ಕ್ಸರ್ಕ್ಸಿಸ್ ಶತ್ರುವಿನ ಹಡಗು ಮುಳುಗಿಸಿದಳು ಎಂದು ಹೊಗಳಿದ. ಸಭೆಯ ದೃಶ್ಯವನ್ನು ಮಕ್ಕಳೇ ಆಡಲಿ, ಸಂಭಾಷಣೆ ಬರೆದುಕೊಡಬೇಡಿ.

ಹಂತ 10: ಹಾವಿನ ಕಂಬ, ಆಮೇಲೆ

ಮರುವರ್ಷ, 479ರಲ್ಲಿ, ಪ್ಲಾಟಿಯಾದ ಬಯಲಿನಲ್ಲಿ ಪರ್ಷಿಯದ ಸೇನಾಪತಿ ಮಾರ್ಡೋನಿಯಸ್ ಸತ್ತ. ಆಚೆ ದಡದ ಮೈಕಾಲೆಯಲ್ಲೂ ಪರ್ಷಿಯನ್ನರು ಸೋತರು. ಗೆದ್ದವರು ಹೆಣೆದುಕೊಂಡ ಮೂರು ಹಾವುಗಳ ಕಂಚಿನ ಕಂಬವನ್ನು ಡೆಲ್ಫಿ ಎಂಬ ಗ್ರೀಕ್ ಪುಣ್ಯಕ್ಷೇತ್ರದಲ್ಲಿ ನಿಲ್ಲಿಸಿ 31 ಊರುಗಳ ಹೆಸರು ಕೆತ್ತಿದರು. ಆ ಕಂಬ ಈಗ ಇಸ್ತಾಂಬುಲ್ ನಗರದ ನಡುವೆ, ತಲೆಗಳಿಲ್ಲದೆ ನಿಂತಿದೆ. ಹಸಿರು ಚೀಟಿಗಳಲ್ಲಿ ನನಗೆ ಅಚ್ಚುಮೆಚ್ಚಿನದು ಇದು. ಗ್ರೀಕ್ ಊರುಗಳು ನೂರಾರಿದ್ದವು. ಮಿಕ್ಕವು ಎಲ್ಲಿ? ಥೀಬ್ಸ್ ಪರ್ಷಿಯದ ಪರವಾಗಿತ್ತು, ಆರ್ಗಸ್ ಸುಮ್ಮನಿತ್ತು. ‘ಗ್ರೀಕರೆಲ್ಲ ಒಂದಾಗಿ’ ಎಂಬ ವಾಕ್ಯವನ್ನು ಮಕ್ಕಳ ನೋಟ್‌ಬುಕ್ಕಿನಿಂದ ಇಲ್ಲಿಯೇ ಹೊಡೆದುಹಾಕಿಸಿ.

ಥೆಮಿಸ್ಟೋಕ್ಲಿಸ್ ಮುಂದೇನಾದ? ಅಥೆನ್ಸಿನವರು ಮಡಕೆಚೂರುಗಳ ಮೇಲೆ ಹೆಸರು ಗೀಚಿ ಮತ ಹಾಕಿ ಅವನನ್ನು ಊರಿನಿಂದ ಹೊರಹಾಕಿದರು. ಅವನ ಹೆಸರಿನ 190 ಚೂರುಗಳು ಒಂದೇ ಬಾವಿಯಲ್ಲಿ ಸಿಕ್ಕಿವೆ. ಕೈಬರಹ ನೋಡಿದರೆ ಬರೆದವರು ಹದಿನಾಲ್ಕೇ ಜನ. ಯಾರೋ ಮೊದಲೇ ಬರೆದು ಹಂಚಲು ಇಟ್ಟಿದ್ದರು ಎಂದು ಮಕ್ಕಳು ಪತ್ತೇದಾರರಂತೆ ಊಹಿಸುತ್ತಾರೆ. ಹೆಂಚಿನ ಚೂರು ಕೊಟ್ಟು ಈ ಮತದಾನ ಮಾಡಿಸಬಹುದು, ಆದರೆ ಸಹಪಾಠಿಯ ಹೆಸರು ಬರೆಯುವಂತಿಲ್ಲ. ಬೇಡವಾದ ತರಕಾರಿಯ ಹೆಸರು ಬರೆಯಲಿ. ಅಥೆನ್ಸ್ ಬಿಟ್ಟ ಥೆಮಿಸ್ಟೋಕ್ಲಿಸ್ ಕೊನೆಗೆ ಆಶ್ರಯ ಪಡೆದದ್ದು ಕ್ಸರ್ಕ್ಸಿಸ್‌ನ ಮಗನ ಹತ್ತಿರ, ಪರ್ಷಿಯನ್ ರಾಜ್ಯದಲ್ಲಿ. ತರಗತಿಯಲ್ಲಿ ಇದನ್ನು ಹೇಳುವಾಗ ಸ್ವಲ್ಪ ತಡೆದು ಹೇಳಿ.

ಪರೀಕ್ಷೆ ಬೇಕೇ ಬೇಕೆಂದರೆ

ಇಸವಿ ಕೇಳಬೇಡಿ, ಹಗ್ಗ ನೋಡಿದವರಿಗೆ ಅದು ತಾನಾಗಿ ಉಳಿಯುತ್ತದೆ. ಗೋಡೆಯಿಂದ ಒಂದು ಹಳದಿ ಚೀಟಿ ಆರಿಸಿ, ಅದನ್ನು ಹಸಿರು ಮಾಡಲು ಏನು ಸಿಗಬೇಕು ಎಂದು ಬರೆಯಲು ಹೇಳಿ. ಚಿಕ್ಕವರಾದರೆ, ಸಲಾಮಿಸ್ ಕದನದ ಸುದ್ದಿಯನ್ನು ಪರ್ಸೆಪೊಲಿಸ್‌ನ ಉಗ್ರಾಣದ ಗುಮಾಸ್ತ ತನ್ನ ಹೆಂಡತಿಗೆ ಹೇಗೆ ಹೇಳಿರಬಹುದು ಎಂದು ಬರೆಯಲಿ.

ಪರ್ಷಿಯನ್ನರು ಗೆದ್ದಿದ್ದರೆ ಪ್ರಜಾಪ್ರಭುತ್ವವೇ ಇರುತ್ತಿರಲಿಲ್ಲವೇ ಎಂಬ ಪ್ರಶ್ನೆ ಕೊನೆಗೆ ಬಂದೇ ಬರುತ್ತದೆ. ಹೌದು ಎಂದೂ ಇಲ್ಲ ಎಂದೂ ಹೇಳದೆ ಒಂದು ಹಳದಿ ಚೀಟಿ ಕೊಡಿ: ಅಯೋನಿಯಾದ ದಂಗೆ ಅಡಗಿದ ಮೇಲೆ, 492ರಲ್ಲಿ, ಅಲ್ಲಿಯ ಗ್ರೀಕ್ ಊರುಗಳ ಸರ್ವಾಧಿಕಾರಿಗಳನ್ನು ಇಳಿಸಿ ಪ್ರಜಾಪ್ರಭುತ್ವ ಸ್ಥಾಪಿಸಿದವನು ಇದೇ ಮಾರ್ಡೋನಿಯಸ್. ಗ್ರೀಕರಲ್ಲಿ ಕೆಲವರು ಇದನ್ನು ನಂಬಲಿಕ್ಕಿಲ್ಲ ಎಂಬ ಸೂಚನೆಯೊಂದಿಗೇ ಹೆರೊಡೋಟಸ್ ಇದನ್ನು ಹೇಳುತ್ತಾನೆ. ಎರಡು ಗುಂಪು ಮಾಡಿ ವಾದಕ್ಕೆ ಬಿಡಿ, ಗಡಿಯಾರ ಮಾತ್ರ ನಿಮ್ಮ ಕೈಯಲ್ಲಿರಲಿ.